ಕೆಡವಲೆಂದೇ ಕಟ್ಟಿದ ಗೋಡೆ

ಒಬ್ಬೊಬ್ಬರೂ ಒಂದು ಪಾತ್ರವಾಗಿ ಕತೆ ಮುಂದುವರಿಸುವ ನಮ್ಮ ರೋಲ್‌ಪ್ಲೇಯಿಂಗ್ ಆಟದ ಮೇಜಿಗೆ, ಒಂದಕ್ಕೊಂದು ಸಿಕ್ಕಿಸುವ ಲೆಗೊ ಬ್ರಿಕ್‌ಗಳನ್ನು ತಂದಾಗ ನನಗೆ ಬೇಕಿದ್ದದ್ದು ಇಷ್ಟೇ: ಯಾರು ಎಲ್ಲಿ ನಿಂತಿದ್ದಾರೆ ಅಂತ ಎಲ್ಲರಿಗೂ ಕಾಣಬೇಕು. "ನಾನು ಬಾಗಿಲ ಹತ್ತಿರ ಇದ್ದೆ", "ಇಲ್ಲ, ನೀನು ಕಂಬದ ಹಿಂದೆ ಇದ್ದೆ" ಅನ್ನುವ ವಾದದಲ್ಲೇ ಅರ್ಧ ಸಂಜೆ ಕಳೆದುಹೋಗುತ್ತಿತ್ತು. ಮನೆಯಲ್ಲಿ ಒಂದು ಡಬ್ಬದ ತುಂಬ ಹಳೆಯ ಬ್ರಿಕ್ ಇತ್ತು. ಅದನ್ನೇ ಸುರಿದುಕೊಂಡು ಕೂತೆ.

ಮೊದಲು ಎದುರಾದದ್ದು ಅಳತೆ. ನಾವು ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಮ್ಯಾಪಿನ ಒಂದು ಚೌಕ ಅಂದರೆ ಕತೆಯೊಳಗೆ 5 ಅಡಿ. ಮೇಜಿನ ಮೇಲೆ ಅದು 1 ಇಂಚು, ಅಂದರೆ 25.4 ಮಿ.ಮೀ. ಬ್ರಿಕ್ ಮೇಲಿನ ಗುಬಟಿಗೆ ಸ್ಟಡ್ ಅಂತಾರೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿ.ಮೀ. ಮೂರು ಸ್ಟಡ್‌ಗೆ 24. ಹತ್ತಿರವೇ ಆಯ್ತಲ್ವಾ ಅಂದುಕೊಂಡು ಮೊದಲ ಗುಹೆಯನ್ನು ಮೂರು ಸ್ಟಡ್‌ನ ಚೌಕದಲ್ಲೇ ಕಟ್ಟಿದೆ. ಆದರೆ ಮಿನಿಫಿಗರ್, ಅಂದರೆ ಲೆಗೊದ ಪುಟ್ಟ ಮನುಷ್ಯ ಗೊಂಬೆಯ ಕಾಲೇ ಎರಡು ಸ್ಟಡ್ ಅಗಲ. ಕೈ ಸೇರಿದರೆ ಮೂರೂ ತುಂಬಿಹೋಗುತ್ತದೆ. ಗುರಾಣಿ, ಕತ್ತಿ ಕೊಟ್ಟ ಮೇಲಂತೂ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸೋಕೇ ಆಗಲಿಲ್ಲ. ಕೊನೆಗೆ ಒಂದು ಚೌಕಕ್ಕೆ 4 ಸ್ಟಡ್, ಅಂದರೆ 32 ಮಿ.ಮೀ. ಅಂತ ಬದಲಾಯಿಸಿದೆ.

ಅಲ್ಲಿಂದ ಲೆಕ್ಕವೆಲ್ಲ ಸಲೀಸಾಯಿತು. ಒಂದು ಸರದಿಯಲ್ಲಿ 30 ಅಡಿ ನಡೆಯುವ ಪಾತ್ರಕ್ಕೆ 24 ಸ್ಟಡ್ ಉದ್ದದ ಪಟ್ಟಿ ಮಾಡಿಟ್ಟೆ. ಎತ್ತರದ ಲೆಕ್ಕ ನನಗೆ ಇನ್ನೂ ಇಷ್ಟ. ಬ್ರಿಕ್‌ನ ಎತ್ತರ 9.6 ಮಿ.ಮೀ., ಪ್ಲೇಟ್ ಅನ್ನುವ ತೆಳು ತುಂಡಿನದು 3.2. ಹತ್ತು ಪ್ಲೇಟ್ ಪೇರಿಸಿದರೆ ಸರಿಯಾಗಿ 32, ಅಂದರೆ ಒಂದು ಚೌಕದ ಅಳತೆ. ಹಾಗಾಗಿ ಮೂರು ಬ್ರಿಕ್ ಮೇಲೊಂದು ಪ್ಲೇಟ್ ಇಟ್ಟರೆ 5 ಅಡಿ. ಮಾಂತ್ರಿಕಳು 15 ಅಡಿ ಮೇಲೆ ಹಾರುತ್ತಿದ್ದಾಳಾ? ಹತ್ತು ಬ್ರಿಕ್‌ನ ಕಂಬದ ಮೇಲೆ ನಿಲ್ಲಿಸಿ. ಕೂದಲೆಳೆಯ ವ್ಯತ್ಯಾಸವೂ ಬರುವುದಿಲ್ಲ.

ನೆಲದ ವಿಷಯದಲ್ಲಿ ಮಾತ್ರ ಎಡವಿದೆ. ಅದನ್ನೂ ಸ್ಟಡ್ ಇರುವ ಪ್ಲೇಟ್‌ಗಳಿಂದಲೇ ಮಾಡಿದ್ದೆ. ಪ್ರತಿ ಸರದಿಗೂ ಗೊಂಬೆಯನ್ನು ಕಿತ್ತು, ಚೌಕ ಎಣಿಸಿ, ಮತ್ತೆ ಒತ್ತಬೇಕು. ಗೆಳತಿಯೊಬ್ಬಳು ತನ್ನ ಬಿಲ್ಲುಗಾರನನ್ನು ಎತ್ತಿದಳು. ಅವನ ಜೊತೆ ಕಾಲಡಿಯ ಪ್ಲೇಟ್ ಬಂತು, ಪ್ಲೇಟ್ ಜೊತೆ ಬಾಗಿಲು ಬಂತು, ಬಾಗಿಲು ಬಿದ್ದ ರಭಸಕ್ಕೆ ಪಕ್ಕದ ಮೂರು ಗೊಂಬೆಗಳು ಮಲಗಿದವು. ಯಾರು ಎಲ್ಲಿದ್ದರು ಅನ್ನುವ ಹಳೇ ವಾದ ಮತ್ತೆ ಶುರು. ಈಗ ದಪ್ಪ ಕಾಗದದ ಮೇಲೆ 32 ಮಿ.ಮೀ. ಚೌಕ ಎಳೆದು ಅದನ್ನೇ ನೆಲ ಮಾಡಿಕೊಂಡಿದ್ದೇನೆ. ಪ್ರತಿ ಗೊಂಬೆಯೂ 3 × 3 ಪ್ಲೇಟ್ ಮೇಲೆ ನಿಲ್ಲುತ್ತದೆ. ಸುಮ್ನೆ ಬೆರಳಿಂದ ತಳ್ಳಿದರೆ ಜಾರುತ್ತದೆ. ಚೌಕದ ಅಂಚಿನಲ್ಲಿ ಸುತ್ತಲೂ 4 ಮಿ.ಮೀ. ಜಾಗ ಉಳಿಯುತ್ತದೆ. ಒಂದು ಸ್ಟಡ್ ದಪ್ಪದ ಗೋಡೆಯನ್ನು ಗೆರೆಯ ಮೇಲೆ ಇಟ್ಟರೆ ಅದಕ್ಕೆ ಬೇಕಾಗುವುದೂ ಅಷ್ಟೇ.

ಆ 3 × 3 ಪ್ಲೇಟ್‌ನಲ್ಲಿ ಕಾಲಿಗೆ ಎರಡು ಹೋಗಿ ಏಳು ಸ್ಟಡ್ ಖಾಲಿ ಉಳಿಯುತ್ತವೆ. ವಿಷ ಏರಿದವನಿಗೆ ಹಸಿರು ಚುಕ್ಕೆ, ಮಾಟಕ್ಕೆ ಸಿಕ್ಕವನಿಗೆ ನೀಲಿ ಚುಕ್ಕೆ ಅಂತ ಸಣ್ಣ ದುಂಡು ಪ್ಲೇಟ್‌ಗಳನ್ನು ಅಲ್ಲೇ ಒತ್ತುತ್ತೇನೆ. ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು ಆರು ಮಂದಿಯೂ ಒಂದೇ ಥರ ಇದ್ದರೆ ತಳದ ಬಣ್ಣ ಬೇರೆ ಮಾಡಿದರೆ ಸಾಕು. "ಹಳದಿಯವನಿಗೆ ಹೊಡೀತೀನಿ" ಅಂದರೆ ಮುಗೀತು. ಗೋಡೆ ಎರಡು ಬ್ರಿಕ್‌ಗಿಂತ ಎತ್ತರ ಬೇಡ, ಆಚೆ ಕೂತವರಿಗೆ ಒಳಗೆ ಕಾಣುವುದಿಲ್ಲ.

ಇಷ್ಟಾದರೂ ಬ್ರಿಕ್‌ನ ನಿಜವಾದ ಬಲ ನನಗೆ ತಿಳಿದದ್ದು ಗೋಡೆ ಒಡೆದ ದಿನ. ಇಂಥ ಆಟಕ್ಕೆ ಬಳಸುವ ಲೋಹದ ಗೊಂಬೆ ಎಷ್ಟೇ ಚಂದ ಇದ್ದರೂ ಅದರ ಕೈಯಲ್ಲಿ ಯಾವತ್ತೂ ಅದೇ ಕತ್ತಿ. ಮಿನಿಫಿಗರ್ ಹಾಗಲ್ಲ. ಕತೆಯಲ್ಲಿ ದೀವಟಿಗೆ ಸಿಕ್ಕರೆ ಆಟಗಾರ ತಾನೇ ಅದನ್ನು ಗೊಂಬೆಯ ಕೈಗೆ ಸಿಕ್ಕಿಸುತ್ತಾನೆ. ಗೋಡೆಯೂ ಹೀಗೇ ಕತೆಯ ಜೊತೆ ಬದಲಾಗಬೇಕು ಅಂತ ನನಗನ್ನಿಸಿತು. ಗಾರೆಯವರು ಕೆಳಗಿನ ಸಂದಿಯ ಮೇಲೆ ಇನ್ನೊಂದು ಇಟ್ಟಿಗೆ ಬರುವ ಹಾಗೆ ಕಟ್ಟುತ್ತಾರೆ, ಅದಕ್ಕೇ ಗಟ್ಟಿ. ಒಡೆಯಬೇಕಾದ ಕಡೆ ನಾನು ಉಲ್ಟಾ ಮಾಡಿದೆ. ಸಂದಿಯ ಮೇಲೆ ಸಂದಿ ಬರಲಿ ಅಂತ ಪೇರಿಸಿದೆ. ತಳದಲ್ಲಿ ಸ್ಟಡ್ ಇಲ್ಲದ ನುಣುಪು ಟೈಲ್ ಹಾಕಿ ಎರಡೇ ಎರಡು ಸ್ಟಡ್ ಬಿಟ್ಟೆ. ನೋಡೋಕೆ ಉಳಿದ ಗೋಡೆಯ ಹಾಗೇ ಇರುತ್ತದೆ, ತಳ್ಳಿದರೆ ಆ ಭಾಗ ಮಾತ್ರ ಬೀಳುತ್ತದೆ.

ದೊಡ್ಡ ರಾಕ್ಷಸನಿಗೂ ಇದೇ ಉಪಾಯ. 40 ಹಿಟ್ ಪಾಯಿಂಟ್‌ಗೆ, ಅಂದರೆ ಜೀವದ ಅಂಕಕ್ಕೆ, ಮೈಮೇಲೆ ಎಂಟು ಕವಚದ ತುಂಡು. ಐದೈದು ಪಾಯಿಂಟ್ ಹೋದಾಗ ಒಂದು ತುಂಡು ಕಳಚುತ್ತದೆ. ಅವನಿಗೆ ಇನ್ನೆಷ್ಟು ಜೀವ ಉಳಿದಿದೆ ಅಂತ ಯಾರೂ ಕೇಳಬೇಕಿಲ್ಲ.

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟಕ್ಕೆ 50 ವರ್ಷ ತುಂಬಿದ 2024ರಲ್ಲಿ ಲೆಗೊ ಅದರ ಹೆಸರಲ್ಲೇ 3,745 ತುಂಡುಗಳ ಸೆಟ್ ತಂದಿತು. ಬಹಳ ಚಂದದ್ದು. ಆದರೆ ಆಡುವ ಮೇಜಿಗೆ ಜಾಸ್ತಿ ಬೇಕಾಗುವುದು ಸಾಮಾನ್ಯ ಬೂದು ಬ್ರಿಕ್‌ಗಳೇ. ಬಿದ್ದರೆ ಯಾರಿಗೂ ಬೇಜಾರಾಗುವುದಿಲ್ಲ.

ಗೋಡೆ ಒಡೆದ ದಿನ ಅಂದೆನಲ್ಲ. ನಮ್ಮ ಗುಂಪಿನ ಮಾಂತ್ರಿಕಳು ಬೆಂಕಿಯುಂಡೆ ಎಸೆದಳು. ಅವಳನ್ನು ಆಡಿಸುತ್ತಿದ್ದ ಹುಡುಗಿಗೆ "ನೀನೇ ತಳ್ಳು" ಅಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ತೋರುಬೆರಳಿಂದ ಮೆಲ್ಲಗೆ ಒತ್ತಿದಳು. ಟಪಟಪ ಅಂತ ಬ್ರಿಕ್‌ಗಳು ಕಾಗದದ ಮೇಲೆ ಉದುರಿ ಎರಡು ಚೌಕದಷ್ಟು ಹರಡಿಕೊಂಡವು. ಮೇಜಿನ ಸುತ್ತ ಎಲ್ಲರೂ ಎದ್ದು ನಿಂತಿದ್ದರು. ನಾನು ಒಂದನ್ನೂ ಎತ್ತಲಿಲ್ಲ. ಬಿದ್ದಲ್ಲೇ ಬಿಟ್ಟೆ, ಆ ಎರಡು ಚೌಕ ದಾಟೋಕೆ ಎರಡರಷ್ಟು ನಡಿಗೆ ಖರ್ಚಾಗುತ್ತದೆ ಅಂತ ಹೇಳಿದೆ. ಮುಂದಿನ ಸರದಿಯಲ್ಲಿ ಹಳದಿ ತಳದ ಗಾಬ್ಲಿನ್ ಅದೇ ಕಲ್ಲಿನ ರಾಶಿಯ ಹಿಂದೆ ಅಡಗಿ ಕೂತ.