ಮಾಜಿ ಸೈನಿಕರ ಮನೆಯ ಕಾಗದಪತ್ರಗಳು: ಆಸ್ಪತ್ರೆಯ ಸಹಾಯ ಕೌಂಟರಿನಿಂದ ಹಳ್ಳಿಯವರೆಗೆ ನನ್ನ ಅನುಭವ

ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಾಜಿ ಸೈನಿಕರ ಸಹಾಯ ಕೌಂಟರನ್ನು ಹಲವು ವರ್ಷ ನೋಡಿಕೊಂಡವಳು ನಾನು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರಿದು. ಬೈಲಹೊಂಗಲ, ಗೋಕಾಕ, ಖಾನಾಪುರ ಕಡೆಯ ಹಳ್ಳಿಗಳಿಂದ ಸೇನೆಗೆ ಹೋಗಿ ನಿವೃತ್ತರಾಗಿ ಬಂದವರು ಇಲ್ಲಿ ಬಹಳ. ಈ ಕುಟುಂಬಗಳಿಗೆ ಬೇಕಾದ ನೆರವಿನ ದೊಡ್ಡ ಪಾಲನ್ನು ರೋಗಿ ಆಸ್ಪತ್ರೆಗೆ ಬರುವ ಮೊದಲೇ, ಅವರ ಮನೆಯಲ್ಲಿಯೇ, ಅದೂ ಹೆಂಡತಿಯನ್ನು ಜೊತೆಗೆ ಕೂರಿಸಿಕೊಂಡು ಮಾಡಬೇಕೆಂಬುದು ಆ ಕೌಂಟರಿನಲ್ಲಿ ನನಗೆ ಮನದಟ್ಟಾಯಿತು.

ಇ.ಸಿ.ಎಚ್.ಎಸ್. ಎಂದು ಎಲ್ಲರೂ ಕರೆಯುವ ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸದಸ್ಯನಾದ ಪಿಂಚಣಿದಾರನೂ ಅವನ ಅವಲಂಬಿತರೂ ಮೊದಲು ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲಿಂದ ರೆಫರಲ್ (ಬೇರೆ ಆಸ್ಪತ್ರೆಗೆ ಕಳುಹಿಸುವ ಪತ್ರ) ಪಡೆದು, ಯೋಜನೆಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು. ಎದೆನೋವು, ಪಾರ್ಶ್ವವಾಯು, ಅಪಘಾತದಂತಹ ತುರ್ತು ಸಂದರ್ಭದಲ್ಲಿ ರೆಫರಲ್‌ಗೆ ಕಾಯದೆ ಒಪ್ಪಂದದ ಆಸ್ಪತ್ರೆಗೆ ನೇರವಾಗಿ ಹೋಗಬಹುದೆಂಬುದು ಮಾತ್ರ ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಗಾಬರಿಯಲ್ಲಿ ಹತ್ತಿರದ ಯಾವುದೋ ನರ್ಸಿಂಗ್ ಹೋಮಿಗೆ ಸೇರಿಸಿ, ಸಾಲ ಮಾಡಿ ಬಿಲ್ಲು ಕಟ್ಟಿದ ಮೇಲೆ ನಮ್ಮಲ್ಲಿ ವಿಚಾರಿಸಲು ಬರುತ್ತಿದ್ದರು. ಒಪ್ಪಂದವಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಆಗಲೂ ಮರಳಿ ಸಿಗುವುದು ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಾದ ಸಿ.ಜಿ.ಎಚ್.ಎಸ್. ನಿಗದಿಪಡಿಸಿದ ದರದಷ್ಟೇ ಹೊರತು ಕಟ್ಟಿದ ಹಣವೆಲ್ಲ ಅಲ್ಲ. ಆದ್ದರಿಂದ ಹತ್ತಿರದ ಒಪ್ಪಂದದ ಆಸ್ಪತ್ರೆಗಳ ಹೆಸರನ್ನೂ ಪಾಲಿಕ್ಲಿನಿಕ್‌ನ ದೂರವಾಣಿಯನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸುವುದರಿಂದಲೇ ನಮ್ಮ ಮನೆಭೇಟಿಗಳು ಆರಂಭವಾದವು.

ಈ ಭೇಟಿಗಳಿಗೆ ನಾನು ನಿವೃತ್ತ ಸುಬೇದಾರರನ್ನೂ ಹವಾಲ್ದಾರರನ್ನೂ ಜೊತೆ ಮಾಡಿಕೊಂಡೆ. ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ಯಾವ ಪುಟದಲ್ಲಿ ಏನಿರುತ್ತದೆ ಎಂಬುದು ಅವರಿಗೆ ಕಣ್ಣುಮುಚ್ಚಿದರೂ ಗೊತ್ತು. ಅದಕ್ಕಿಂತ ಹೆಚ್ಚಾಗಿ, ನನ್ನೆದುರು ಬಾಯಿಬಿಡದ ಮುದುಕರು ಅವರೆದುರು ಮಾತಾಡುತ್ತಿದ್ದರು. ಸೈನಿಕನ ಹೆಸರು, ನಂಬರು ಬರೆದ ಕಬ್ಬಿಣದ ಟ್ರಂಕು ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಇರುತ್ತದೆ. ಪಿ.ಪಿ.ಓ. (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಬುಕ್, ಬ್ಯಾಂಕಿನ ಪಾಸ್‌ಬುಕ್ ಎಲ್ಲವೂ ಅದರಲ್ಲಿಯೇ. ಗಂಡ ತೀರಿಕೊಂಡ ತಾಯಿಯೊಬ್ಬರು ನನಗೆ ಹೇಳಿದ್ದು ಇಷ್ಟೇ: "ಅವರು ಇರೂತನಕಾ ಟ್ರಂಕಿಗೆ ನಾನು ಕೈ ಹಚ್ಚಿದಾಕೀನ ಅಲ್ರೀ ಅಕ್ಕಾರ, ಒಳಗ ಏನೈತಿ ಅನ್ನೂದು ನನಗ ಹೆಂಗ ತಿಳೀಬೇಕು?"

ಅತ್ಯಂತ ಹೆಚ್ಚು ಕಾಡುವುದು ಹೆಸರಿನ ಸಮಸ್ಯೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು. ಸೇನೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು ಇದ್ದರೆ ಕುಟುಂಬ ಪಿಂಚಣಿಯೂ ಚಿಕಿತ್ಸೆಯ ಕಾರ್ಡೂ ಎರಡೂ ನಿಂತುಹೋಗುವ ಅಪಾಯವಿದೆ. ಗಂಡ ಬದುಕಿರುವಾಗ ಅವರೇ ಅಫಿಡವಿಟ್ಟಿನೊಂದಿಗೆ, ಸೇವಾ ದಾಖಲೆಗಳನ್ನು ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ ಬರೆದುಕೊಂಡರೆ ತಿದ್ದುಪಡಿ ಸುಲಭ. ಆಮೇಲೆ ಅದೇ ಕೆಲಸಕ್ಕೆ ವಿಧವೆಯೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ದುಃಖದ ದಿನಗಳಲ್ಲಿ ಯಾರನ್ನೂ ಹಾಗೆ ಅಲೆಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂತಹ ಅರ್ಜಿಗಳನ್ನು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ನಾವೇ ಜೊತೆಗೆ ಹೋಗಿ ಮುಟ್ಟಿಸುತ್ತೇವೆ.

ಅಂಗವೈಕಲ್ಯವಿರುವ ಮಗ ಅಥವಾ ಮಗಳಿರುವ ಮನೆಗೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಸಾಮಾನ್ಯವಾಗಿ ಮಗನಿಗೆ 25 ವರ್ಷ ತುಂಬಿದರೆ ಇ.ಸಿ.ಎಚ್.ಎಸ್. ಸೌಲಭ್ಯ ಮುಗಿಯುತ್ತದೆ, ಶಾಶ್ವತ ಅಂಗವೈಕಲ್ಯವಿರುವ ಅವಲಂಬಿತ ಮಗನಿಗೆ ಆ ವಯಸ್ಸಿನ ಮಿತಿ ಇಲ್ಲ. ತಂದೆತಾಯಿ ಇರುವಾಗಲೇ ಆ ಮಗುವಿನ ಹೆಸರನ್ನು ಪಿ.ಪಿ.ಓ.ದಲ್ಲಿ ಸೇರಿಸಿದರೆ, ಅವರ ಕಾಲಾನಂತರ ಕುಟುಂಬ ಪಿಂಚಣಿಗೆ ದಾರಿ ಸುಗಮವಾಗುತ್ತದೆ. ಇದನ್ನು ಕೇಳಿಸಿಕೊಂಡ ಎಷ್ಟೋ ತಾಯಂದಿರು ಅಂದೇ ಟ್ರಂಕು ತೆರೆಸಿದ್ದಾರೆ.

ಕಾಲು ಕಳೆದುಕೊಂಡವರ ವಿಷಯದಲ್ಲಿ ನಮ್ಮ ಕೆಲಸ ಪ್ರಯಾಣದ ಏರ್ಪಾಡು ಮಾತ್ರ, ಏಕೆಂದರೆ 1944ರಲ್ಲಿ ಆರಂಭವಾದ ಪುಣೆಯ ಕೃತಕ ಅಂಗ ಕೇಂದ್ರ ನಮಗೆ ರೈಲಿನ ದಾರಿಯಲ್ಲೇ ಇದೆ. ಕಷ್ಟವಿರುವುದು ಮನಸ್ಸಿನ ನೋವಿನಲ್ಲಿ. ನಿದ್ದೆಯಿಲ್ಲ, ಸಣ್ಣದಕ್ಕೂ ಸಿಡುಕು, ಸಂಜೆಯಾದರೆ ಕುಡಿತ ಎಂದು ಹೆಂಡತಿ ಹೇಳುತ್ತಾಳೆ, ಗಂಡ "ನನಗೇನಾಗೇತಿ?" ಎನ್ನುತ್ತಾನೆ. ಅಲ್ಲಿ ರೋಗದ ಹೆಸರು ಹೇಳಿದರೆ ಬಾಗಿಲು ಮುಚ್ಚುತ್ತದೆ. ನಿದ್ದೆಯ ಬಗ್ಗೆ ಮಾತ್ರ ಕೇಳಿ, ನಿದ್ದೆಗೆಂದೇ ವೈದ್ಯರ ಬಳಿ ಕರೆತರುವುದು ನನಗೆ ಫಲ ಕೊಟ್ಟಿರುವ ಕ್ರಮ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದೆಂದು ಹೆಂಡತಿಗೂ ತಿಳಿಸಿ ಬರುತ್ತೇನೆ. ವರ್ಷಾನುಗಟ್ಟಲೆ ಸಹಿಸಿಕೊಂಡ ಅವಳಿಗೂ ಕೇಳುವ ಕಿವಿ ಬೇಕು.

ನವೆಂಬರ್ ತಿಂಗಳು ಪೂರ್ತಿ, ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ಜೀವನ ಪ್ರಮಾಣಪತ್ರದ ಕೆಲಸ ನಡೆಯುತ್ತದೆ. ಹಾಸಿಗೆ ಹಿಡಿದವರಿಗೆ ಮೊಬೈಲಿನಲ್ಲಿ ಮುಖ ತೋರಿಸಿಯೇ ಅದನ್ನು ಸಲ್ಲಿಸಬಹುದು, ಆದ್ದರಿಂದ ನಮ್ಮ ಹವಾಲ್ದಾರರು ಬೈಕಿನಲ್ಲಿ ಹಳ್ಳಿ ಹಳ್ಳಿಗೆ ಹೋಗುತ್ತಾರೆ. ಹೋದಲ್ಲೆಲ್ಲ ಆ ಮನೆಯ ಹೆಣ್ಣುಮಗಳಿಂದಲೇ ಟ್ರಂಕು ತೆಗೆಸಿ, ಪ್ರತಿ ಕಾಗದವನ್ನೂ ಅವಳಿಂದಲೇ ಗುರುತು ಹಿಡಿಸಿ, ನೆರಳಚ್ಚು ಪ್ರತಿಯ ಒಂದು ಕಟ್ಟನ್ನು ಅವಳ ಕೈಗೆ ಕೊಟ್ಟು ಬರುವುದು ಈಗ ನಮ್ಮ ಪದ್ಧತಿಯಾಗಿದೆ.