ಗ್ರ್ಯಾಂಡ್ ಪಿಯಾನೋ ಶ್ರುತಿ ನಿಲ್ಲುತ್ತಿಲ್ಲವೇ? ಮೊದಲು ಕಾರಣ ಹುಡುಕಿ

ಮುಂಬೈ ಕಡೆ, ಮಾಟುಂಗದಿಂದ ಡೊಂಬಿವಲಿವರೆಗೆ, ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದೇ ತಪ್ಪು ನೋಡುತ್ತೇನೆ. ಶ್ರುತಿ ಕೆಟ್ಟ ಕೂಡಲೇ ಟ್ಯೂನರ್‌ಗೆ ಫೋನ್. ಅವರು ಸರಿ ಮಾಡಿ ಹೋದ ಕೆಲವೇ ವಾರಕ್ಕೆ ಮತ್ತೆ ಅದೇ ಗೋಳು. ಕಾರಣ ತಿಳಿಯದೆ ತಂತಿ ಸುತ್ತಿದ ಪಿನ್ನನ್ನು ಪದೇ ಪದೇ ತಿರುಗಿಸಿದರೆ ಅದರ ಹಿಡಿತವೂ ಸವೆಯುತ್ತದೆ.

ಮೊದಲು ತೇವಾಂಶ ಅಳೆಯುವ ಹೈಗ್ರೋಮೀಟರ್ ಒಂದನ್ನು ಪಿಯಾನೋ ಪಕ್ಕದಲ್ಲಿಡಿ. ವಾರಕ್ಕೆರಡು ಸಲ ತೇವಾಂಶವನ್ನೂ, ಟ್ಯೂನರ್ ಆ್ಯಪ್ ತೋರಿಸುವ ಐದಾರು ಸ್ವರಗಳ ಸೆಂಟ್ ಲೆಕ್ಕವನ್ನೂ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಬರೆದಿಡಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮಧ್ಯದ ಒಂದೊಂದು ಕೀಗೂ ಮೂರು ತಂತಿಗಳಿವೆ. ಮೂರನ್ನೂ ಒಟ್ಟಿಗೆ ಕೇಳಿದರೆ ಏನೂ ಗೊತ್ತಾಗುವುದಿಲ್ಲ, ಆ್ಯಪ್ ಕೂಡ ತಡಬಡಾಯಿಸುತ್ತದೆ. ಮುಚ್ಚಳ ತೆರೆದು, ಪುಸ್ತಕದ ಸ್ಟ್ಯಾಂಡ್ ಎಳೆದು ತೆಗೆಯಿರಿ. ಟ್ಯೂನಿಂಗ್‌ಗೆಂದೇ ಸಿಗುವ ರಬ್ಬರ್ ಬೆಣೆಯನ್ನು ನಡುವಿನ ಮತ್ತು ಬಲಗಡೆಯ ತಂತಿಗಳ ಮಧ್ಯೆ ಮೆಲ್ಲಗೆ ಸಿಕ್ಕಿಸಿ. ಆಗ ಎಡಗಡೆಯದು ಮಾತ್ರ ನುಡಿಯುತ್ತದೆ. ಬಲಗಡೆಯದಕ್ಕೆ ಇದನ್ನೇ ತಿರುವುಮುರುವು ಮಾಡಿ. ನಡುವಿನದಕ್ಕೆ ಎರಡು ಬೆಣೆ ಬೇಕು, ಎಡ ತಂತಿಯ ಆಚೆಗೊಂದು, ಬಲ ತಂತಿಯ ಆಚೆಗೊಂದು, ಪಕ್ಕದ ಕೀಯ ತಂತಿಗೆ ಒತ್ತುವಂತೆ. ಎಡ ಪೆಡಲ್ ಒತ್ತಬೇಡಿ, ಸುತ್ತಿಗೆಗಳೇ ಪಕ್ಕಕ್ಕೆ ಸರಿಯುತ್ತವೆ. ಬರಿಗೈಯಲ್ಲಿ ತಂತಿ ಮುಟ್ಟಲೂಬೇಡಿ. ಈ ಊರಿನ ಬೆವರಿಗೆ ತುಕ್ಕು ಬೇಗ ಹಿಡಿಯುತ್ತದೆ.

ಮೂರೂ ಒಂದೇ ಅಳತೆಯಲ್ಲಿ ಏರಿದ್ದರೆ ಅದು ಮಳೆಗಾಲದ ಕೆಲಸ. ತಂತಿಗಳ ಕೆಳಗೆ ನಾದ ಹೊಮ್ಮಿಸುವ ಹಲಗೆ, ಅಂದರೆ ಸೌಂಡ್‌ಬೋರ್ಡಿನ ಸ್ಪ್ರೂಸ್ ಮರ ತೇವ ಹೀರಿ ಉಬ್ಬುತ್ತದೆ, ಅದರ ಮೇಲಿನ ಮರದ ಪಟ್ಟಿ, ಬ್ರಿಡ್ಜ್, ತಂತಿಗಳನ್ನು ಮೇಲಕ್ಕೆ ನೂಕುತ್ತದೆ, ಶ್ರುತಿ ಏರುತ್ತದೆ. ನಡುಭಾಗ ಜಾಸ್ತಿ ಏರಿ ಎರಡು ತುದಿಗಳು ಅಷ್ಟಾಗಿ ಏರದ ಕಾರಣ ಆಕ್ಟೇವ್‌ಗಳು (ಒಂದೇ ಸ್ವರದ ಕೆಳಗಿನ ಮತ್ತು ಮೇಲಿನ ಸ್ಥಾಯಿ ಒಟ್ಟಿಗೆ) ಕಿವಿಗೆ ಚುಚ್ಚುತ್ತವೆ. ಜುಲೈಯಲ್ಲಿ ಶ್ರುತಿ ಇಳಿದಿದ್ದರೆ ಮಾತ್ರ ಏಸಿಯ ಮೇಲೆ ಅನುಮಾನಪಡಿ. ರಾತ್ರಿ ಏಸಿ, ಹಗಲು ತೆರೆದ ಕಿಟಕಿ, ಇದು ಪಿಯಾನೋಕ್ಕೆ ದೊಡ್ಡ ಹಿಂಸೆ. ತೇವಾಂಶ 50% ಆಸುಪಾಸು ಇದ್ದರೆ ಒಳ್ಳೆಯದು, ಏರಿಳಿಯದೆ ಇರುವುದು ಇನ್ನೂ ಮುಖ್ಯ. ಇನ್ನು ಸಂಜೆ ಮಾತ್ರ ಶ್ರುತಿ ತಗ್ಗುತ್ತದಾದರೆ ಪಶ್ಚಿಮದ ಕಿಟಕಿಯ ಪರದೆ ಎಳೆಯಿರಿ. ಬಿಸಿಲು ಬಿದ್ದ ಉಕ್ಕಿನ ತಂತಿ ನಿಮಿಷಗಳಲ್ಲೇ ಸಡಿಲಾಗುತ್ತದೆ.

ಮೂರರಲ್ಲಿ ಒಂದೇ ತಂತಿ ಇಳಿದಿದೆಯೇ? ಹಾಗಾದರೆ ಹವೆಯನ್ನು ದೂರಬೇಡಿ, ಹೆಚ್ಚಾಗಿ ಅದರ ಪಿನ್ ಸಡಿಲಾಗಿರುತ್ತದೆ. ಒಂಟಿ ತಂತಿಯೇ ವೊಂಯ್ ವೊಂಯ್ ಎಂದು ಅಲೆಯುತ್ತಿದ್ದರೆ ಬ್ರಿಡ್ಜ್ ಮೇಲೆ ಆ ತಂತಿಯನ್ನು ಹಿಡಿದಿರುವ ಪುಟ್ಟ ಮೊಳೆ, ಅಂದರೆ ಬ್ರಿಡ್ಜ್ ಪಿನ್ ನೋಡಿಸಿ. ಅದು ಟ್ಯೂನಿಂಗ್‌ನಿಂದ ಸರಿಹೋಗುವಂಥದ್ದಲ್ಲ.

ಪಿನ್ನಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಪಿನ್ನುಗಳನ್ನು ಹಿಡಿದಿಡುವ ಪಿನ್‌ಬ್ಲಾಕ್‌ನ ಮರಕ್ಕೆ ಇಳಿದರೆ ಪಿನ್ ಮತ್ತೆ ಹಿಡಿಯುವುದು ಕಷ್ಟ. ಸಿಲಿಕಾ ಜೆಲ್ ಪೊಟ್ಟಣಗಳೂ ಸುಮ್ನೆ ದಂಡ, ಮುಂಬೈ ಮಳೆಗೆ ಅವು ಯಾವ ಮೂಲೆಗೂ ಸಾಲವು. ಖರ್ಚು ಮಾಡುವುದಾದರೆ ಹ್ಯೂಮಿಡಿಸ್ಟಾಟ್ (ತೇವಾಂಶ ನೋಡಿ ತಾನೇ ಆನ್-ಆಫ್ ಮಾಡುವ ಸ್ವಿಚ್) ಇರುವ, ಪಿಯಾನೋಗೆಂದೇ ಸಿಗುವ ಹೀಟರ್ ರಾಡನ್ನೇ ಪಿಯಾನೋದ ಅಡಿಗೆ ಹಾಕಿಸಿ.

ಈಗ ಟ್ಯೂನರನ್ನು ಕರೆದು ನಿಮ್ಮ ಪಟ್ಟಿ ತೋರಿಸಿ. ಒಂದೆರಡು ಪಿನ್ನಿನ ತೊಂದರೆಯಾದರೆ ಒಂದು ಸೈಜ್ ದಪ್ಪ ಪಿನ್ ಹಾಕಿಸಿ. ಅಕ್ಕಪಕ್ಕದ ಆರೇಳು ಪಿನ್ ಒಟ್ಟಿಗೆ ಸಡಿಲಾಗಿದ್ದರೆ ಪಿನ್‌ಬ್ಲಾಕ್ ಸೀಳಿರಬಹುದು. ಅದನ್ನು ಪರೀಕ್ಷಿಸುವವರೆಗೆ ಮತ್ತೆ ಶ್ರುತಿ ಮಾಡಿಸಬೇಡಿ.