ದೊಡ್ಡ ಕೊಟ್ಟಿಗೆಗೆ ಗ್ಯಾಂಬ್ರೆಲ್ ಟ್ರಸ್: ವೆಲ್ಡರ್‌ನ ಕರೆಸೋ ಮುಂಚೆ

ಪುಣೆಯಲ್ಲಿ ಕೆಲಸ, ಮುಳಶಿ ಅಥವಾ ಮಾವಳದ ಕಡೆ ಒಂದಿಷ್ಟು ಜಮೀನು, ಅಲ್ಲೊಂದು ದೊಡ್ಡ ಕೊಟ್ಟಿಗೆ ಕಟ್ಟಬೇಕು ಅನ್ನೋ ಕನ್ನಡದವರಿಗಾಗಿ ಇದನ್ನ ಬರೆಯುತ್ತಿದ್ದೇನೆ. ಕೆಳಗೆ ದನ, ಮೇಲೆ ಅಟ್ಟದ ತುಂಬ ಮೇವು ಬೇಕು ಅಂದರೆ ಗ್ಯಾಂಬ್ರೆಲ್ ಸೂರು ಒಳ್ಳೇದು. ಎರಡೂ ಬದಿಗೆ ಎರಡೆರಡು ಇಳಿಜಾರು, ಕೆಳಗಿನದು ಕಡಿದಾದದ್ದು, ಮೇಲಿನದು ಕಡಿಮೆ ಓರೆ. ಈ ಸೂರನ್ನ ಹೊರುವ, ಪೈಪು ಸೇರಿಸಿ ವೆಲ್ಡ್ ಮಾಡಿದ ಚೌಕಟ್ಟೇ ಟ್ರಸ್.

ಮೊದಲು ಅಟ್ಟದ ಭಾರ ನೋಡಿ. ಒಣ ಮೇವಿನ ಬೇಲ್ (ಒತ್ತಿ ಕಟ್ಟಿದ ಕಂತೆ) ಒಂದು ಘನ ಮೀಟರಿಗೆ ಸುಮಾರು 100 ಕೆ.ಜಿ. ತೂಗುತ್ತದೆ. ಆಳೆತ್ತರಕ್ಕಿಂತ ಜಾಸ್ತಿ ಒಟ್ಟಿದರೆ ಚದರ ಮೀಟರಿಗೆ 200 ಕೆ.ಜಿ. ದಾಟಿತು. ಬರೀ ಶೀಟ್ ಹೊರುವ ಟ್ರಸ್‌ಗೆ ಹಿಡಿಯೋ ಲೈವ್ ಲೋಡ್ (ಸೂರಿನ ಸ್ವಂತ ತೂಕ ಬಿಟ್ಟು ಮೇಲೆ ಬೀಳೋ ಭಾರ) ಸಾಮಾನ್ಯವಾಗಿ ಚದರ ಮೀಟರಿಗೆ 75 ಕೆ.ಜಿ. ಒಳಗೇ ಇರುತ್ತದೆ. ಹಾಗಾಗಿ ಅಟ್ಟಕ್ಕೆ ಬೇರೆ ತೊಲೆ, ಬೇರೆ ಕಂಬ ಕೊಡಿಸಿ. ಟ್ರಸ್‌ನ ಅಡ್ಡ ಪೈಪಿನ ಮೇಲೆ ಸುಮ್ನೆ ಹಲಗೆ ಹಾಸಿ ಮೇವು ಹೇರಬೇಡಿ.

ಅಳತೆ ಸುಲಭ. ಕಾಂಕ್ರೀಟ್ ನೆಲದ ಮೇಲೆ ಮೊಳೆ, ದಾರ, ಸೀಮೆಸುಣ್ಣ ಇಟ್ಟುಕೊಂಡು ಕೊಟ್ಟಿಗೆಯ ಅಗಲವನ್ನೇ ವ್ಯಾಸ ಮಾಡಿ ಅರ್ಧ ವೃತ್ತ ಎಳೆಯಿರಿ, ಅದನ್ನ ನಾಲ್ಕು ಸಮಭಾಗ ಮಾಡಿ, ಗುರುತುಗಳನ್ನ ನೇರ ಗೆರೆಯಿಂದ ಸೇರಿಸಿ. ಕೊಟ್ಟಿಗೆ 30 ಅಡಿ ಅಗಲ ಇದ್ದರೆ ನಾಲ್ಕೂ ತುಂಡು ಸುಮಾರು ಹನ್ನೊಂದೂವರೆ ಅಡಿ ಬರುತ್ತವೆ. ಕೆಳಗಿನ ಇಳಿಜಾರು 67.5 ಡಿಗ್ರಿ, ಮೇಲಿನದು 22.5. ಮೂರೂ ಜಾಯಿಂಟಲ್ಲಿ ಕೋನ 135 ಡಿಗ್ರಿಯೇ, ಅಂದರೆ ಅಲ್ಲಿ ಸೇರುವ ಪ್ರತಿ ತುದಿಯನ್ನೂ 22.5 ಡಿಗ್ರಿಗೇ ಕತ್ತರಿಸಬಹುದು, ಮೆಷಿನ್ ಸೆಟ್ಟಿಂಗ್ ಮತ್ತೆ ಮತ್ತೆ ಬದಲಿಸೋದೇ ಬೇಡ. ಪೈಪ್ ಅಂಗಡಿಯಲ್ಲಿ 6 ಮೀಟರ್ ಉದ್ದಕ್ಕೆ ಸಿಗುತ್ತದೆ ಅಲ್ವಾ, ಅಗಲವನ್ನ 25 ಅಡಿಗೆ ಇಳಿಸಿದರೆ ಒಂದು ಪೈಪಲ್ಲಿ ಎರಡು ತುಂಡು ಬರುತ್ತವೆ, ವೇಸ್ಟ್ ತುಂಬಾ ಕಡಿಮೆ. 30 ಅಡಿಯೇ ಬೇಕಂದರೆ ಉಳಿದ ತುಂಡುಗಳನ್ನ ಒಳಗಿನ ಅಡ್ಡ, ಓರೆ ಪೈಪುಗಳಿಗೆ ಬಳಸಿ.

ಇಳಿಜಾರು ಮುರಿಯೋ ಆ ಎರಡು ಮೂಲೆಗಳ ಮೇಲೆ ನಿಮ್ಮ ಕಣ್ಣಿರಲಿ. ಮೇಲಿಂದ ಭಾರ ಬಿದ್ದರೆ ಅವು ಹೊರಗೆ ತಳ್ಳುತ್ತವೆ. ಎರಡನ್ನೂ ಸೇರಿಸುವ ಅಡ್ಡ ಪೈಪ್, ಓರೆ ಕೊಂಡಿಗಳು, ಗಸೆಟ್ ಪ್ಲೇಟ್ (ಜಾಯಿಂಟನ್ನ ಬಿಗಿ ಮಾಡೋ ಉಕ್ಕಿನ ತಗಡು) ಇರಲೇಬೇಕು. ಪ್ಲೇಟಿನ ದಪ್ಪ, ವೆಲ್ಡಿನ ಉದ್ದ ಎರಡನ್ನೂ ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಡಲಿ, ಅಂದಾಜಿನ ಮೇಲೆ ಮಾಡಿಸಬೇಡಿ. ಮಳೆ ನೀರು ನುಗ್ಗೋದೂ ಅಲ್ಲೇ, ಮೇಲಿನ ಶೀಟ್ ಕೆಳಗಿನದರ ಮೇಲೆ ಚೆನ್ನಾಗಿ ಚಾಚಿರಲಿ, ಜೊತೆಗೆ ನೀರು ಒಳಗೆ ಬಾರದ ಹಾಗೆ ಸಂದು ಮುಚ್ಚೋ ಬಗ್ಗಿಸಿದ ತಗಡಿನ ಪಟ್ಟಿ (ಫ್ಲಾಶಿಂಗ್) ಹಾಕಿಸಿ.

ಗಾಳಿ ಸೂರನ್ನ ಒತ್ತುವುದಷ್ಟೇ ಅಲ್ಲ, ಮೇಲಕ್ಕೆ ಎಳೆಯುತ್ತದೆ ಕೂಡ. ಕಟ್ಟಡಗಳ ಮೇಲಿನ ಭಾರಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ ಮೂಲ ಗಾಳಿವೇಗ ಪುಣೆಗೆ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. ಬಯಲಲ್ಲೋ ಗುಡ್ಡದ ಮೇಲೋ ಕಟ್ಟುತ್ತಿದ್ದರೆ ಅದನ್ನೂ ಇಂಜಿನಿಯರಿಗೆ ಹೇಳಿ. ಉದ್ದವನ್ನ ಪೂರ್ವ-ಪಶ್ಚಿಮಕ್ಕೆ ಇಟ್ಟರೆ ಪಶ್ಚಿಮದಿಂದ ಬೀಸೋ ಮಳೆಗಾಲದ ಗಾಳಿಗೆ ಚಿಕ್ಕ ಬದಿ ಸಿಗುತ್ತದೆ. ಪ್ರತಿ ಟ್ರಸ್‌ನ ಬುಡವೂ ಬೇಸ್ ಪ್ಲೇಟ್ (ಬುಡದ ತಗಡು), ಕಾಂಕ್ರೀಟಲ್ಲಿ ಕೂರಿಸೋ ಆಂಕರ್ ಬೋಲ್ಟಿನಿಂದ ಭದ್ರವಾಗಿರಲಿ.

ಮೊದಲ ಟ್ರಸ್ಸನ್ನ ನೆಲದ ಗೆರೆಯ ಮೇಲೇ ಜೋಡಿಸಿ, ಉಳಿದವನ್ನ ಅದರ ಅಚ್ಚಿನಲ್ಲೇ ಮಾಡಿಸಿ. ಎತ್ತುವಾಗ ಮೊದಲೆರಡನ್ನ ಅಡ್ಡ ಪೈಪು, ಓರೆ ಪೈಪಿನಿಂದ ಬಿಗಿಯುವ ತನಕ ಕ್ರೇನ್ ಬಿಡಿಸಬೇಡಿ.